ಖಾಲಿ ಹುದ್ದೆಯ ಕೈಲಾಸ

“ಮಗ ಏನ್ ಮಾಡ್ಲತ್ತಾನ?”
“ತಯಾರಿ ಮಾಡ್ಲತ್ತಾನ.”

ಬಸವಕಲ್ಯಾಣ, ಹುಮನಾಬಾದಿನ ಯಾವ ಕಟ್ಟೆಯ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಏತರ ತಯಾರಿ ಎಂದು ಯಾರೂ ಕೇಳುವುದಿಲ್ಲ. ವೀರಭದ್ರೇಶ್ವರ ಜಾತ್ರೆಯ ತಯಾರಿಯಾಗಿದ್ದರೆ ಇಷ್ಟೊತ್ತಿಗೆ ತೇರು ಎಳೆದು ಮುಗಿಯುತ್ತಿತ್ತು. ನಮ್ಮ ಅಕ್ಕನ ಮಗನದು ಇದು ಆರನೇ ವರ್ಷ.

ಹನ್ನೆರಡನೇ ಶತಮಾನದಲ್ಲಿ ಈ ಕಲ್ಯಾಣದಲ್ಲಿ ಕೆಲಸವೇ ಮನುಷ್ಯನ ಹೆಸರಿನ ಮುಂದೆ ಕೂರುತ್ತಿತ್ತು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ. ಹಗ್ಗ ಹೊಸೆಯಲು ಚಂದಯ್ಯ ಯಾವ ಅಧಿಸೂಚನೆಗೂ ಕಾಯಲಿಲ್ಲ. ಕಾಯಕಕ್ಕೆ ಕೈಲಾಸದ ಪಟ್ಟ ಕಟ್ಟಿದ ಆ ಶರಣರ ಕಥೆಯಲ್ಲಿ ನಮ್ಮ ಹುಡುಗರು ಕೆಂಪು ಪೆನ್ನಿನಿಂದ ಗೀಟು ಹಾಕಿಕೊಂಡಿರುವುದು ಒಂದೇ ಕಡೆ. ಬಸವಣ್ಣ ಬಿಜ್ಜಳನ ಭಂಡಾರಿಯಾದ; ಸೋದರಮಾವ ಬಲದೇವ ಅದೇ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಎಂದು ಪುರಾಣಗಳು ಹೇಳುತ್ತವೆ. “ನೋಡ್ರಿ ಮಾಮಾ, ಆಗೂ ಮಾಮಾನೇ ಬೇಕಾಗಿತ್ತು” ಎಂದು ಅಕ್ಕನ ಮಗ ನನ್ನ ಕಡೆ ನೋಡುತ್ತಾನೆ. ನಾನು ಮಂತ್ರಿಯಾಗದ್ದು ಅವನ ಮೊದಲ ಅನರ್ಹತೆ.

ಮಂತ್ರಿ ಇಲ್ಲದವರಿಗೆ 371ಜೆ ವಿಧಿ ಇದೆ. ಸಂವಿಧಾನದ 98ನೇ ತಿದ್ದುಪಡಿಯ ಫಲ. ನಮ್ಮ ಭಾಗದ ‘ಎ’, ‘ಬಿ’ ವೃಂದದ ಹುದ್ದೆಗಳಲ್ಲಿ ಸ್ಥಳೀಯರಿಗೆ ಶೇ 75, ‘ಸಿ’ಯಲ್ಲಿ ಶೇ 80, ‘ಡಿ’ಯಲ್ಲಿ ಶೇ 85. ಕುರ್ಚಿ ಸಣ್ಣದಾದಷ್ಟೂ ನಮ್ಮ ಪಾಲು ದೊಡ್ಡದು! ಇಲ್ಲೇ ಹುಟ್ಟಿದೆನೆಂದು ಸಾಬೀತು ಮಾಡಲು ಬಸವಕಲ್ಯಾಣದ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಬೇಕು. ಅಪ್ಪನ ಟಿಸಿ, ಅಜ್ಜನ ಪಹಣಿ, ಎಲ್ಲದಕ್ಕೂ ಎರಡೆರಡು ಝೆರಾಕ್ಸ್. 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಎಂದು ಕರೆದಾಗ ಮೊದಲು ಕಲ್ಯಾಣವಾದದ್ದು ಝೆರಾಕ್ಸ್ ಅಂಗಡಿಯವನಿಗೆ. ಭರ್ತಿಗೇ ಕರೆಯದ ಹುದ್ದೆಯಲ್ಲಿ ಶೇ 80 ಎಂದರೆ ಎಷ್ಟು ಎಂಬ ಲೆಕ್ಕ ಮಾತ್ರ ಯಾವ ಕೋಚಿಂಗ್ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ.

ಕರೆದರೋ, ಅದು ಇನ್ನೊಂದು ಪುರಾಣ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಪಕ್ಕದ ಕಲಬುರಗಿಯಲ್ಲಿ ಅಕ್ರಮ ಬಯಲಾಗಿ, ಮುಂದಿನ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ 2024ರ ಜನವರಿಯಲ್ಲಿ. ರಾತ್ರಿಯಿಡೀ ಓದಿದವನು, ಕಿವಿಯಲ್ಲಿ ಬ್ಲೂಟೂತ್ ಇಟ್ಟವನು ಇಬ್ಬರೂ ಒಂದೇ ದಿನ ಫೇಲು. ಸಮಾನತೆ ಎಂದರೆ ಇದೇ ಇರಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ. ಪ್ರಶ್ನೆಪತ್ರಿಕೆಯ ಕನ್ನಡ ಎಷ್ಟು ಗಹನವಾಗಿತ್ತೆಂದರೆ, ಅರ್ಥಕ್ಕಾಗಿ ಇಂಗ್ಲಿಷ್ ಪ್ರಶ್ನೆ ಓದಬೇಕಾಯಿತು. ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದರು. ಕನ್ನಡ ಮತ್ತೆ ತಪ್ಪಿತು. ವಚನ ಹುಟ್ಟಿದ ಊರಿನ ಹುಡುಗ ಕನ್ನಡ ತಿಳಿಯಲಿಲ್ಲವೆಂದು ನೆಗೆಟಿವ್ ಅಂಕ ಹೊತ್ತು ಬಂದ.

ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವಿದೆಯಲ್ಲ ಎನ್ನಬೇಡಿ. ಅಲ್ಲಿಗೆ ಹೋಗುವವನು “ಕಂಪನಿಗಿ ಹೋಗ್ಲತ್ತಾನ”. ಅದು ನಮ್ಮಲ್ಲಿ ನೌಕರಿಯ ಲೆಕ್ಕಕ್ಕೆ ಬರುವುದಿಲ್ಲ. ಪದವಿ ಮುಗಿಸಿ 180 ದಿನ ಕೆಲಸ ಸಿಗದಿದ್ದರೆ ಯುವನಿಧಿ ಯೋಜನೆಯ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷ. ಇನ್ನೂ ನಿರುದ್ಯೋಗಿಯೇ ಎಂದು ಆಗಾಗ ಘೋಷಿಸುತ್ತಿರಬೇಕು. ತಪ್ಪದೆ ಹಾಜರಿ ಕೇಳುವ ಹುದ್ದೆ ಸದ್ಯಕ್ಕೆ ಅದೊಂದೇ.

ಮೊನ್ನೆ ಬಸವಕಲ್ಯಾಣದ ಝೆರಾಕ್ಸ್ ಅಂಗಡಿಯಲ್ಲಿ ನಮ್ಮ ಹುಡುಗನ ಗೆಳೆಯ ಸಿಕ್ಕ. ಎಸ್ಸೆಸ್ಸೆಲ್ಸಿಗೆ ಶರಣು ಹೊಡೆದವನು ಹೆದ್ದಾರಿ ಬದಿಯಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದಾನೆ. ಲಾರಿಗಳ ಊರಿನಲ್ಲಿ ಕೈತುಂಬ ಕೆಲಸ, ಕೈಕೆಳಗೆ ನಾಲ್ಕು ಜನ. ನಮ್ಮವನ ಅರ್ಜಿ ಶುಲ್ಕ ಎಷ್ಟೋ ಸಲ ಇವನೇ ಕಟ್ಟಿದ್ದಾನೆ. ಈಗ ಇವನ ಕೈಯಲ್ಲೂ ಒಂದು ಗೈಡ್.

“ನಿನಗ್ಯಾಕಪ್ಪಾ ಇದು?”

“ನಾಳಿ ಹೆಣ್ಣಿನ ಕಡಿಯವರು ಬರ್ಲತ್ತಾರ ಮಾಮಾ. ತಯಾರಿ ಮಾಡ್ಲತ್ತಾನಂತ ಅವ್ವ ಹೇಳ್ಯಾಳ.” ಉಗುರು ಸಂದಿನ ಗ್ರೀಸು ತೋರಿಸಿ ದನಿ ತಗ್ಗಿಸಿದ: “ಇದು ಲಗೂನ ಹೋಗಂಗ ಏನರೆ ಐತೇನ್ರಿ?”