ಜಕ್ಕೂರಿನ ಸೈಕಲ್ ಸವಾರನ ಚಿತ್ತಭೂಮಿಗಳು: ಒಂದು ಶಾಸ್ತ್ರೀಯ ವಿವೇಚನೆ

ಚಿತ್ತಕ್ಕೆ ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂಬ ಐದು ಭೂಮಿಗಳಿವೆ ಎಂದು ಯೋಗಸೂತ್ರದ ಭಾಷ್ಯದಲ್ಲಿ ವ್ಯಾಸರು ಹೇಳಿದ್ದಾರೆ. ಭೂಮಿ ಎಂದೊಡನೆ ಜಕ್ಕೂರಿನವರು ‘ಎ ಖಾತಾನೋ, ಬಿ ಖಾತಾನೋ?’ ಎನ್ನುತ್ತಾರೆ. ಇದು ಆ ಭೂಮಿಯಲ್ಲ. ಜಕ್ಕೂರು ಕೆರೆಯಿಂದ ಹೆಬ್ಬಾಳದವರೆಗೆ ಸೈಕಲ್ ತುಳಿಯುವವನ ತಲೆಯೊಳಗಿನದು. ಇದಕ್ಕೆ ಯಾವ ಖಾತಾನೂ ಇಲ್ಲ.

ಮೊದಲು ಅಧಿಕಾರಿನಿರ್ಣಯ. ಭಾನುವಾರ ನಸುಕಿನಲ್ಲಿ ಬಣ್ಣದ ಜೆರ್ಸಿ ತೊಟ್ಟು ಬಳ್ಳಾರಿ ರಸ್ತೆ ಹಿಡಿದು ನಂದಿಬೆಟ್ಟಕ್ಕೆ ಹೋಗುವವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ. 1,478 ಮೀಟರ್ ಎತ್ತರಕ್ಕೆ ತುಳಿಯುವುದು ತಪಸ್ಸೇ, ಒಪ್ಪೋಣ. ಆದರೆ ಸೋಮವಾರ ಅವರೇ ಕಾರಿನಲ್ಲಿ ಕೂತು ನಮ್ಮ ಬೆನ್ನಿಗೆ ಹಾರ್ನ್ ಹೊಡೆಯುತ್ತಿರುತ್ತಾರೆ. ಕ್ಯಾರಿಯರಿಗೆ ಬುತ್ತಿ ಸಿಕ್ಕಿಸಿಕೊಂಡ ಸೆಕ್ಯುರಿಟಿ ಗಾರ್ಡು, ಗಾರೆ ಕೆಲಸದವರು, ಪೆಟ್ರೋಲ್ ಬೆಲೆಯ ಮೇಲೆ ಮುನಿಸಿಕೊಂಡ ಪ್ರಸ್ತುತ ಲೇಖಕ, ಇಷ್ಟೇ ಮಂದಿ ಅಧಿಕಾರಿಗಳು. ಸರ್ಕಾರಿ ಅಧಿಕಾರಿಗಳು ಸೈಕಲ್ ದಿನಾಚರಣೆಯಂದು ಫೋಟೊ ಮುಗಿಯುವತನಕ ಮಾತ್ರ.

ಕ್ಷಿಪ್ತಭೂಮಿ ಕೆರೆಯ ಪಕ್ಕದಲ್ಲಿದೆ. ಒಂದು ಕಣ್ಣು ನೀರಿನ ಮೇಲಿನ ಹೆಜ್ಜಾರ್ಲೆಗೆ, ಇನ್ನೊಂದು ಗುಂಡಿಗೆ. ಎರಡರಲ್ಲೂ ನೀರೇ, ಗುಂಡಿಯ ಆಳ ಮಾತ್ರ ಅನುಭವಗಮ್ಯ. ಮೂಢಭೂಮಿ ಜಕ್ಕೂರು ಕ್ರಾಸ್. ಅಲ್ಲಿ ಯಾರು ಯಾವ ಕಡೆಯಿಂದ ಬರುತ್ತಾರೆಂಬ ಜ್ಞಾನ ಬಂದವರಿಗೂ ಇರುವುದಿಲ್ಲ.

ವಿಕ್ಷಿಪ್ತಭೂಮಿಗೆ ಸರ್ವೀಸ್ ರಸ್ತೆಯಲ್ಲಿ ಪ್ರವೇಶ. ಇದಕ್ಕೆ ಕಾರಣ ಶಬ್ದವಾದ್ದರಿಂದ ಯೋಗಶಾಸ್ತ್ರವನ್ನು ಬಿಟ್ಟು ವ್ಯಾಕರಣಕ್ಕೆ ಬರಬೇಕು. ಸ್ಕೂಟರಿನ ಹಾರ್ನ್ ಹ್ರಸ್ವ. ಕಾರಿನದು ದೀರ್ಘ. ನೀರಿನ ಟ್ಯಾಂಕರಿನದು ಪ್ಲುತ, ಮೂರು ಮಾತ್ರೆ. ಚಾಲಕನಿಗೆ ಊಟಕ್ಕೆ ಹೊತ್ತಾಗಿದ್ದರೆ ಮೂವತ್ತು. ದೂರದಲ್ಲಿರುವವರನ್ನು ಕೂಗುವಾಗ ಪ್ಲುತ ಎಂದು ಶಾಲೆಯಲ್ಲೇ ಕಲಿತಿದ್ದೇವೆ. ಟ್ಯಾಂಕರ್ ಅದನ್ನು ಮೊಳದ ಅಂತರದಲ್ಲಿ ಪ್ರಯೋಗಿಸುತ್ತದೆ. ಕೇಶಿರಾಜನಿಗೆ ಈ ಅಪವಾದ ಹೊಳೆದಿರಲಿಲ್ಲ. 13ನೆಯ ಶತಮಾನದಲ್ಲಿ ಕೆರೆಗಳಲ್ಲೇ ನೀರಿತ್ತು. ಸೈಕಲ್ ಬೆಲ್ಲೋ, ಅನುಸ್ವಾರದಂತೆ: ತನ್ನಷ್ಟಕ್ಕೆ ನಿಲ್ಲಲಾರದು, ಯಾರಾದರೂ ಮೊದಲು ಸ್ವರವಾಗಿ ನಿಂತು ಕೊಟ್ಟರೆ ಉಂಟು.

ಇಲ್ಲಿ ಪೂರ್ವಪಕ್ಷಿ ಕೇಳುತ್ತಾನೆ: ‘ವಿಮಾನ ನಿಲ್ದಾಣಕ್ಕೆ ಹೋಗುವವರೆಲ್ಲ ಮೇಲ್ಸೇತುವೆ ಹತ್ತಿದರಲ್ಲ, ಕೆಳಗೆ ನಿಮಗೆ ಜಾಗವಾಗಿರಬೇಕಲ್ಲ?’ ಸಮಾಧಾನ ಹೀಗೆ. ಆ ಮೇಲ್ಸೇತುವೆ ಎದ್ದಾಗ ರಸ್ತೆಯ ಬದಿಯಲ್ಲೇ ಇರುವ ಜಕ್ಕೂರು ವೈಮಾನಿಕ ಶಾಲೆಯ ಹಾರಾಟಕ್ಕೇ ಅಡ್ಡಿಯಾಯಿತು. ರೆಕ್ಕೆ ಇರುವ ವಾಹನಕ್ಕೇ ರಸ್ತೆ ತಡೆ ಒಡ್ಡಿದ ಊರಿನಲ್ಲಿ ಪೆಡಲ್ ಇರುವವನು ಜಾಗ ಕೇಳುವುದು ಅತಿವ್ಯಾಪ್ತಿದೋಷ.

ಏಕಾಗ್ರಭೂಮಿಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಎಡಕ್ಕೆ ಮೆಟ್ರೊ ಕಾಮಗಾರಿಯ ತಗಡು, ಬಲಕ್ಕೆ ಬಸ್ಸಿನ ಹಿಂಚಕ್ರ. ಬೇರೆ ವಿಷಯ ಮನಸ್ಸಿಗೆ ಬಂದವರು ಆಮೇಲೆ ಬಂದು ಹೇಳಿಲ್ಲ.

ಕೊನೆಗೆ ಹೆಬ್ಬಾಳ. 2003ರಲ್ಲಿ ಫ್ಲೈಓವರ್ ಬಂದಮೇಲೂ ನಿರೋಧವೇ ಇಲ್ಲಿನ ಸ್ಥಾಯಿ. ಕಾರು ನಿರುದ್ಧ, ಬಸ್ಸು ನಿರುದ್ಧ, ಭಾನುವಾರದ ತಪಸ್ವಿಯೂ ನಿರುದ್ಧ. ಆಗ ಸವಾರ ಸೈಕಲ್ಲಿನಿಂದ ಇಳಿದು, ಅದನ್ನು ಹೆಗಲಿಗೇರಿಸಿ, ಎಲ್ಲರ ನಡುವೆ ನಡೆದು ದಾಟಿಬಿಡುತ್ತಾನೆ. ಸವಾರಿ ಬಿಟ್ಟವನಿಗೇ ಮುಕ್ತಿ ಎಂಬುದು ನಮ್ಮ ಸಿದ್ಧಾಂತ.

ಟ್ಯಾಂಕರಿನವರಲ್ಲಿ ಒಂದು ಬಿನ್ನಹ: ನಮಗೆ ಹ್ರಸ್ವ ಸಾಕು. ಕೇಳಿಸುತ್ತದೆ.