ಊನಕ್ಕೊಂದು ಮುದ್ದಿನ ಹೆಸರು

ನಮ್ಮ ಕಡೆ ಹಳ್ಳಿಗಳಲ್ಲಿ ಶಾಲೆಯ ರಿಜಿಸ್ಟರಿನಲ್ಲಿ ಬರೆಸಿದ ಹೆಸರು ಮಾರ್ಕ್ಸ್ ಕಾರ್ಡಿಗೆ, ಪಹಣಿಗೆ, ಕೊನೆಯಲ್ಲಿ ವೈಕುಂಠ ಸಮಾರಾಧನೆಯ ಕಾಗದಕ್ಕೆ ಮಾತ್ರ. ನಡುವಿನ ಬದುಕೆಲ್ಲ ಅಡ್ಡಹೆಸರಿನಲ್ಲೇ ಕಳೆಯುತ್ತದೆ. ಗೊರಕೆ ಮೇಷ್ಟ್ರು, ಸಾಲದ ದೊಡ್ಡಪ್ಪ, ಸೊಟ್ಟಮೂತಿ ಶಾನುಭೋಗರು. ಇವುಗಳಲ್ಲಿ ಒಂದಾದರೂ ಗುಣದಿಂದ ಬಂದ ಹೆಸರಲ್ಲ. ಯಾರನ್ನಾದರೂ ‘ಪ್ರಾಮಾಣಿಕ ಮೇಷ್ಟ್ರು’ ಎಂದು ಕರೆದದ್ದುಂಟೇ? ಕರೆದರೆ ಅದು ಕುಹಕವೇ ಇರಬೇಕು. ಊರು ಹೆಸರಿಡುವುದು ಊನಕ್ಕೆ. ಹಾಗೆ ಹೆಸರಿಡಿಸಿಕೊಂಡವನನ್ನು ಪರಊರಿನವರು ಆಡಿಕೊಂಡರೆ ಜಗಳಕ್ಕೆ ನಿಲ್ಲುವುದೂ ಅದೇ ಊರು.

ಈ ಪದ್ಧತಿಯನ್ನು ಕಾರಿಗೆ ಹಚ್ಚಿರುವ ಜನ ಇದ್ದಾರೆಂದು ನನಗೆ ತಿಳಿದದ್ದು ಭಾವಮೈದುನನಿಂದ. ಅವನು ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಆಫೀಸಿಗೆ ಹೋಗುವುದಕ್ಕೆ ಒಂದು ಬ್ಯಾಟರಿ ಕಾರು. ಆಫೀಸಿನಿಂದ ಬಂದ ಮೇಲೆ ಅಂಗಾತ ಮಲಗಿ ನಿಟ್ಟುಸಿರು ಬಿಡುವುದಕ್ಕೆ ಒಂದು 1967ರ ಫೋಕ್ಸ್‌ವ್ಯಾಗನ್ ಬೀಟಲ್. ಅದನ್ನು ಅವನು ಬೀಟಲ್ ಎನ್ನುವುದಿಲ್ಲ, ಕಾರು ಎಂದಂತೂ ಅನ್ನುವುದೇ ಇಲ್ಲ. ಬರೀ ‘ಸಿಕ್ಸ್‌ಟಿ ಸೆವೆನ್’. ಆ ಒಂದು ವರ್ಷಕ್ಕೆ ಮಾತ್ರ ಬಂದು ಮತ್ತೆ ಬಾರದ ಬಿಡಿಭಾಗಗಳು ಅದರಲ್ಲಿ ಬೇಕಾದಷ್ಟಿವೆಯಂತೆ. ಆದ್ದರಿಂದ ಬಲು ಬೇಡಿಕೆ. ಆದ್ದರಿಂದಲೇ ಯಾವುದೂ ಸಿಗುವುದಿಲ್ಲ.

ನಾವು ಅಲ್ಲಿಗೆ ಹೋಗಿದ್ದಾಗ ಒಂದು ಸಂಜೆ ಅವನು ಗ್ಯಾರೇಜಿನಿಂದ ಫ್ರೀಮಾಂಟಿನ ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದ: “ಡಾಗ್‌ಹೌಸ್ ಹಾಕಿದ್ಮೇಲೆ ಮೂರನೇದು ತಣ್ಣಗಿದೆ ಕಣೋ. ನಿನ್ನ ಪ್ರೆಟ್ಜೆಲ್ ಎಲ್ಲೀವರೆಗೆ ಬಂತು? ಪೋಪನ ಮೂಗು ಸಿಕ್ತಾ?”

ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ ನಮ್ಮತ್ತೆ ಹೊರಗೆ ಬಂದರು. “ಮೂರನೇದು ಅಂದ್ರೆ ಏನೋ? ಎರಡೇ ಸಾಕು ಅಂತ ಹೇಳಿದ್ಯಲ್ಲ!”

ಮೂರನೆಯದು ಎಂದರೆ ಮೂರನೇ ಸಿಲಿಂಡರು. ಅವನು ನನ್ನನ್ನು ಕಾರಿನ ಹಿಂಬದಿಗೆ ಕರೆದೊಯ್ದು ಮುಚ್ಚಳ ಎತ್ತಿದ. ಈ ಕಾರಿನಲ್ಲಿ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ನೀರು ಹಾಕುವ ರೇಡಿಯೇಟರ್ ಇಲ್ಲವೇ ಇಲ್ಲ. ಒಂದು ಫ್ಯಾನು ಗಾಳಿಯನ್ನು ತಗಡಿನ ಗೂಡಿನೊಳಗೆ ನೂಕಿ ನಾಲ್ಕು ಸಿಲಿಂಡರುಗಳ ಮೇಲೆ ಹಾಯಿಸುತ್ತದೆ. ಆಯಿಲ್ ತಣ್ಣಗಾಗಿಸುವ ಕೂಲರ್ ಅದೇ ಗೂಡಿನೊಳಗೆ, ಸರಿಯಾಗಿ ಮೂರನೇ ಸಿಲಿಂಡರಿನ ಗಾಳಿಗೆ ಅಡ್ಡವಾಗಿ ನಿಂತಿತ್ತು. ಹೀಗಾಗಿ ಮೂವರಿಗೆ ತಂಗಾಳಿ, ಮೂರನೆಯವನಿಗೆ ಮಾತ್ರ ಬಿಸಿಯುಸಿರು. ಕಾದೂ ಕಾದೂ ಅವನ ಎಕ್ಸಾಸ್ಟ್ ವಾಲ್ವ್ ಒಂದು ದಿನ ಕತ್ತು ಮುರಿದುಕೊಂಡು ಒಳಗೆ ಬೀಳುತ್ತಿತ್ತು. ಅಲ್ಲಿಗೆ ಎಂಜಿನ್ನಿನ ಕಥೆ ಮುಗಿಯಿತು. ಫೋಕ್ಸ್‌ವ್ಯಾಗನ್‌ನವರು 1971ರ ಮಾಡೆಲ್ಲಿನಲ್ಲಿ ಕೂಲರನ್ನು ಹಿಂದಕ್ಕೆ ಸರಿಸಿ ಅದಕ್ಕೊಂದು ಪ್ರತ್ಯೇಕ ತಗಡಿನ ಗೂಡು ಕಟ್ಟಿಕೊಟ್ಟರು. ಅದೇ ಡಾಗ್‌ಹೌಸ್. ಹಳೆಯ ಕಾರಿನವರು ಈಗ ಅದನ್ನೇ ತಂದು ತಮ್ಮದಕ್ಕೂ ಕೂರಿಸಿಕೊಳ್ಳುತ್ತಾರೆ.

“ನಾಯಿಮನೆ ಅಂತೀಯ, ನಾಯಿ ಎಲ್ಲೋ?” ಅಂದರು ಅತ್ತೆ.

“ನಾಯಿಪಾಡು ಪಡ್ತಿರೋನು ಇವನೇ ಅಲ್ವೇನಮ್ಮ,” ಎಂದಳು ನನ್ನ ಹೆಂಡತಿ.

ಪ್ರೆಟ್ಜೆಲ್ಲಿನದು ಇನ್ನೊಂದು ಕಥೆ. ಮೊದಮೊದಲ ಬೀಟಲ್‌ಗಳ ಹಿಂದಿನ ಗಾಜು ಒಂದೇ ತುಂಡಲ್ಲ. ನಡುವೆ ಒಂದು ತಗಡಿನ ಪಟ್ಟಿ, ಆಚೀಚೆ ಒಂದೊಂದು ಪುಟ್ಟ ಗಾಜು. ಜರ್ಮನರಿಗೆ ಅದು ತಾವು ತಿನ್ನುವ ಪ್ರೆಟ್ಜೆಲ್ ಎಂಬ ಗಂಟುರೊಟ್ಟಿಯ ಹಾಗೆ ಕಂಡಿತು. ಹಿಂದಿನ ವಾಹನ ಅದರಲ್ಲಿ ಕಾಣುತ್ತಿತ್ತೆನ್ನುವುದಕ್ಕಿಂತ, ಹಿಂದೆ ಏನೋ ಇದೆ ಎಂಬ ಗುಮಾನಿ ಬರುತ್ತಿತ್ತು ಎನ್ನಬಹುದು. 1953ರ ಮಾರ್ಚಿನಲ್ಲಿ ಪಟ್ಟಿ ಹೋಗಿ ಒಂದೇ ಗಾಜಿನ ‘ಓವಲ್’ ಬಂತು. ಆಗ ಹಳೆಯ ಕಾರಿನವರಿಗೆ ನಾಚಿಕೆಯೋ ನಾಚಿಕೆ. ಎಷ್ಟೋ ಜನ ಗರಗಸ ತಂದು ಪಟ್ಟಿ ಕತ್ತರಿಸಿ, ಓವಲ್ ಗಾಜು ಕೂರಿಸಿ, ‘ನಮ್ಮದೂ ಹೊಸದೇ’ ಎಂದು ಮೆರೆದರು. ಇಂದು ಆ ಪಟ್ಟಿ ಉಳಿದಿರುವ ಕಾರಿಗೆ ಕೊಡುವ ಬೆಲೆ ಕೇಳಿದರೆ ಅವರ ಮೊಮ್ಮಕ್ಕಳು ಆ ಗರಗಸವನ್ನು ಹುಡುಕಿಕೊಂಡು ಹೋಗಿ ಬೈಯಬೇಕು. ಪಟ್ಟಿ ಹೋಗುವುದಕ್ಕೆ ಮುಂಚೆ ಒಂದೈದು ತಿಂಗಳು ಹೊಸ ಡ್ಯಾಷ್‌ಬೋರ್ಡು, ಹಳೆಯ ಹಿಂಗಾಜು ಎರಡೂ ಸೇರಿದ ಕಾರುಗಳು ಹೊರಬಂದವು. ಅವಕ್ಕೆ ‘ಟ್ಸ್ವಿಟ್ಟರ್’ ಎಂದು ಹೆಸರು, ಎಂದರೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ್ದು. ಪೋಪನ ಮೂಗೂ ಈ ಕಾಲದ್ದೇ: ಹಿಂದಿನ ನಂಬರ್ ಪ್ಲೇಟಿನ ಮೇಲೆ ಉಬ್ಬಿ ನಿಂತ ದೀಪದ ಗೂಡು.

ಈ ಕಾರಿನ ದೊಡ್ಡ ಊನ ಅದರ ಬೆನ್ನು. ಆ ಡುಬ್ಬವನ್ನು ನೋಡಿ ಸುಮ್ಮನಿದ್ದ ದೇಶವೇ ಇಲ್ಲ. ಪೋಲೆಂಡಿನವರು ಗೂನ ಎಂದರು, ಇಂಡೋನೇಷ್ಯದವರೂ ನಮ್ಮ ನೆರೆಯ ನೇಪಾಳದವರೂ ಕಪ್ಪೆ ಎಂದರು, ಬೊಲಿವಿಯದವರು ಆಮೆ ಎಂದರು, ಫಿನ್ಲೆಂಡಿನವರು ಗುಳ್ಳೆ ಎಂದರು. ಜರ್ಮನಿಯ ಕಾರ್ಖಾನೆಯ ಕಾಗದಗಳಲ್ಲಿ ಮಾತ್ರ ಅದು ಬಹಳ ಕಾಲ ಬರೀ ‘ಟೈಪ್ 1’. ಜನ ‘ಕೇಫರ್’, ಎಂದರೆ ಜೀರುಂಡೆ ಎಂದು ಕರೆದೂ ಕರೆದೂ ಸವೆದ ಮೇಲೆ, 1960ರ ದಶಕದ ಕೊನೆಯಲ್ಲಿ ಕಂಪನಿಯೂ ಒಪ್ಪಿಕೊಂಡು ತನ್ನ ಜಾಹೀರಾತಿನಲ್ಲಿ ಅಚ್ಚು ಹಾಕಿತು. ಬ್ರೆಜಿಲ್‌ನಲ್ಲಂತೂ ಬೀದಿಯ ‘ಫುಸ್ಕಾ’ ಕಾರ್ಖಾನೆಯ ಅಧಿಕೃತ ಹೆಸರಾಯಿತು. ಅಲ್ಲಿ ನಿಂತುಹೋಗಿದ್ದ ಫುಸ್ಕಾವನ್ನು 1993ರಲ್ಲಿ ಮತ್ತೆ ತಯಾರಿಸುವಂತೆ ಮಾಡಿದ್ದು ರಾಷ್ಟ್ರಾಧ್ಯಕ್ಷ ಇತಮಾರ್ ಫ್ರಾಂಕೊ. ಜನ ಆ ಕಾರಿಗೆ ‘ಫುಸ್ಕಾ ಇತಮಾರ್’ ಎಂದು ಹೆಸರಿಟ್ಟರು. ರಾಷ್ಟ್ರಾಧ್ಯಕ್ಷರನ್ನೂ ಬಿಡಲಿಲ್ಲ!

ಬೀಟಲ್ಲಿನ ತಮ್ಮ ‘ಟೈಪ್ 2’, ನಾವು ಹಿಪ್ಪಿಗಳ ಚಿತ್ರಗಳಲ್ಲಿ ನೋಡುವ ಆ ಬಸ್ಸು. 1950ರಲ್ಲಿ ಹುಟ್ಟಿದಾಗ ಅದರ ಬಲ 25 ಅಶ್ವಶಕ್ತಿ. ಒಂಬತ್ತು ಜನರನ್ನು ಹೇರಿಕೊಂಡು ಘಟ್ಟ ಹತ್ತಲು ಕುದುರೆಗಳಿಗೂ ಸಂಕೋಚವಾಗುವ ಸಂಖ್ಯೆ. ಮುಂದಿನ ಗಾಜು ಎರಡು ತುಂಡಾಗಿರುವ, 1967ರವರೆಗಿನ ಬಸ್ಸು ‘ಸ್ಪ್ಲಿಟ್ಟಿ’. ಆಮೇಲಿನ ಅಗಲ ಗಾಜಿನದು ‘ಬೇ’, ಅಮೆರಿಕದವರ ಬಾಯಲ್ಲಿ ‘ಬ್ರೆಡ್‌ಲೋಫ್’. 1955ಕ್ಕಿಂತ ಹಿಂದಿನವು ‘ಬಾರ್ನ್‌ಡೋರ್’, ಏಕೆಂದರೆ ಎಂಜಿನ್ನಿನ ಮುಚ್ಚಳ ಕೊಟ್ಟಿಗೆಯ ಬಾಗಿಲಿನಷ್ಟಿತ್ತು.

ಬಸ್ಸಿನವರು ಸೇರಿದ ಕಡೆ ಬಸ್ಸನ್ನು ಯಾರೂ ಹೊಗಳುವುದಿಲ್ಲ, ಕಿಟಕಿ ಎಣಿಸುತ್ತಾರೆ. “ಟ್ವೆಂಟಿ-ತ್ರೀ!” ಎಂದು ಒಬ್ಬ ಉಸಿರು ಎಳೆದುಕೊಂಡರೆ ಉಳಿದವರು ಟೋಪಿ ತೆಗೆಯುತ್ತಾರೆ. ಲೆಕ್ಕ ನಾನು ಕೇಳಿ ತಿಳಿದುಕೊಂಡೆ: ಮುಂದೆ ಎರಡು, ಡ್ರೈವರ್ ಬಾಗಿಲುಗಳಲ್ಲಿ ಎರಡು, ಎಡಬಲಕ್ಕೆ ನಾಲ್ಕು ನಾಲ್ಕು, ಹಿಂದಿನ ಮೂಲೆಗಳಲ್ಲಿ ಎರಡು, ಹಿಂದೆ ಒಂದು, ಮೇಲೆ ಸೂರಿನಂಚಿನಲ್ಲಿ ಬೆಟ್ಟದ ತುದಿ ನೋಡುವುದಕ್ಕೆಂದು ಎಂಟು. ಒಟ್ಟು 23. ಇದಕ್ಕೆ ‘ಸಾಂಬಾ’ ಎಂದು ಹೆಸರು. 1964ರ ಮಾಡೆಲ್ಲಿನಲ್ಲಿ ಹಿಂಬಾಗಿಲು ಅಗಲವಾಗಿ ಮೂಲೆಯ ಎರಡು ಕಿಟಕಿ ಹೋದವು, ಸಾಂಬಾ 21ಕ್ಕೆ ಇಳಿಯಿತು. ಅಮೆರಿಕದ ಹರಾಜಿನಲ್ಲಿ 23 ಕಿಟಕಿಯದು ಎರಡು ಲಕ್ಷ ಡಾಲರ್ ದಾಟಿದ್ದುಂಟು. “ಅಷ್ಟು ದುಡ್ಡಿಗೆ ಗಾಳಿ ಬೆಳಕಿರೋ ಮನೇನೇ ಬರುತ್ತಲ್ಲೋ,” ಅಂದರು ಅತ್ತೆ. ಸ್ಯಾನ್ ಹೊಸೆಯಲ್ಲಿ ಬರುವುದಿಲ್ಲ ಎಂದು ಭಾವಮೈದುನ ಲೆಕ್ಕ ಸಮೇತ ತೋರಿಸಿದ.

ತನ್ನ ಕುಂದನ್ನು ತಾನೇ ಸಾರಿಕೊಂಡ ಕಂಪನಿ ಆ ಕಾಲಕ್ಕೆ ಇದೊಂದೇ ಇರಬೇಕು. 1960ರಲ್ಲಿ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಜಾಹೀರಾತು ಸಂಸ್ಥೆಯವರು ಒಂದು ಬೀಟಲ್ಲಿನ ಚಿತ್ರ ಹಾಕಿ ಕೆಳಗೆ ಒಂದೇ ಮಾತು ಬರೆದರು: ‘ಲೆಮನ್’. ಅಮೆರಿಕದ ಆಡುಮಾತಿನಲ್ಲಿ ಲೆಮನ್ ಎಂದರೆ ಕೊಳ್ಳುವಾಗಲೇ ಕೆಟ್ಟಿರುವ ಕಾರು. ಒಳಗೆ ಓದಿದರೆ, ಗ್ಲೋವ್ ಬಾಕ್ಸಿನ ಪಟ್ಟಿಯ ಮೇಲೆ ಸಣ್ಣ ಕಲೆಯಿದ್ದದ್ದಕ್ಕೆ ಈ ಕಾರನ್ನು ಕಾರ್ಖಾನೆಯಿಂದ ಹೊರಗೇ ಬಿಡಲಿಲ್ಲ ಎಂಬ ಹೆಮ್ಮೆ. ನಾವು ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ದೃಷ್ಟಿ ತೆಗೆಯುತ್ತೇವೆ. ಅವರು ಕಾರನ್ನೇ ನಿಂಬೆಹಣ್ಣು ಎಂದು ಕರೆದು ಲಕ್ಷಗಟ್ಟಲೆ ಮಾರಿದರು.

ಈ ಕಾರಿನ ಭಕ್ತರ ಧರ್ಮಗ್ರಂಥಕ್ಕೂ ಅಂಥದೇ ಹೆಸರು. ಲಾಕ್‌ಹೀಡ್‌ನಲ್ಲಿ ಎಂಜಿನಿಯರಾಗಿದ್ದು ಎಲ್ಲ ಬಿಟ್ಟು ಬಂದ ಜಾನ್ ಮ್ಯೂರ್ ಎಂಬಾತ 1969ರಲ್ಲಿ ಫೋಕ್ಸ್‌ವ್ಯಾಗನ್ ರಿಪೇರಿಗೊಂದು ಕೈಪಿಡಿ ಬರೆದ. ಅದು ಪರಿಪೂರ್ಣ ಮೂರ್ಖರಿಗಾಗಿ ಎಂದು ಹೊದಿಕೆಯ ಮೇಲೇ ಅಚ್ಚು ಹಾಕಿಸಿದ. ಎಲ್ಲರ ಬಾಯಲ್ಲಿ ಅದು ‘ಈಡಿಯಟ್ ಬುಕ್’. ಭಾವಮೈದುನನ ಪ್ರತಿಯಲ್ಲಿ ಗ್ರೀಸಿನ ಹೆಬ್ಬೆಟ್ಟು ಬೀಳದ ಪುಟವಿಲ್ಲ. ಕಾರು ಪದೇ ಪದೇ ಎಲ್ಲಿ ಕೆಡುತ್ತದೆಂದು ನೋಡಲು ಪುಸ್ತಕ ಓದಬೇಕಿಲ್ಲ, ಹೆಬ್ಬೆಟ್ಟು ಎಲ್ಲಿ ಕಪ್ಪಾಗಿದೆ ನೋಡಿದರೆ ಸಾಕು.

ಭಾನುವಾರ ನಮ್ಮನ್ನು ಸವಾರಿಗೆ ಹೊರಡಿಸಿದ. ನಾನು ಹಿಂದಿನ ಸೀಟಿನ ಬಲಕ್ಕೆ ಕೂರಲು ಹೋದರೆ, “ಭಾವ, ನೀವು ಎಡಗಡೆ ಬನ್ನಿ” ಎಂದ. ಮರ್ಯಾದೆಯೆಂದುಕೊಂಡೆ. ಬೀಟಲ್ಲಿನ ಬ್ಯಾಟರಿ ಇರುವುದು ಹಿಂದಿನ ಸೀಟಿನ ಬಲಭಾಗದ ಅಡಿಯಲ್ಲಂತೆ. ಮೇಲಿನ ಮುಚ್ಚಳ ಸರಿಯಿಲ್ಲದಿದ್ದರೆ, ಕೂತವರು ತೂಕಸ್ಥರಾಗಿದ್ದರೆ, ಸೀಟಿನ ಸ್ಪ್ರಿಂಗು ಟರ್ಮಿನಲ್ಲಿಗೆ ತಾಗಿ ಸೀಟಿನೊಳಗಿನ ನಾರು ಹೊಗೆಯಾಡುತ್ತದೆ. “ಮುಚ್ಚಳ ಇದೆ. ಆದ್ರೂ ಯಾಕೆ ಸುಮ್ನೆ,” ಎಂದು ನನ್ನ ಹೊಟ್ಟೆಯ ಕಡೆ ನೋಡದೆಯೇ ಹೇಳಿದ. ದಾರಿಯಲ್ಲಿ ಎದುರಿಗೆ ಒಂದು ಸ್ಪ್ಲಿಟ್ಟಿ ಬಂತು. ಇಬ್ಬರೂ ಡ್ರೈವರುಗಳು ಕೈಯೆತ್ತಿದರು. ಯಾರು ಎಂದು ಕೇಳಿದೆ. ಗೊತ್ತಿಲ್ಲವಂತೆ, ಏರ್‌ಕೂಲ್ಡ್‌ನವರು ಎದುರಾದರೆ ಕೈಯೆತ್ತಲೇಬೇಕಂತೆ. ಅಷ್ಟರಲ್ಲಿ ಅವನ ಮಗ ‘ಪಂಚ್ ಬಗ್ಗಿ!’ ಎಂದು ನನ್ನ ಭುಜಕ್ಕೆ ಗುದ್ದಿದ. ರಸ್ತೆಯಲ್ಲಿ ಬೀಟಲ್ ಮೊದಲು ಕಂಡವರು ಪಕ್ಕದವರಿಗೆ ಗುದ್ದುವ ಆಟ ಅದು. ನಾವು ಕೂತಿರುವುದೇ ಬೀಟಲ್ಲಿನಲ್ಲಿ, ಇದು ಲೆಕ್ಕಕ್ಕಿಲ್ಲ ಎಂದೆ. ಹುಡುಗ ಒಪ್ಪಲಿಲ್ಲ.

ಭಾವಮೈದುನನ ಬ್ಯಾಟರಿ ಕಾರಿಗೆ ಅಡ್ಡಹೆಸರು ಏನು ಎಂದು ಕೇಳಿದರೆ ಅವನಿಗೆ ಉತ್ತರ ಹೊಳೆಯಲಿಲ್ಲ. ಅದು ಕೆಡುವುದಿಲ್ಲ, ಕಾಯುವುದಿಲ್ಲ, ಯಾರನ್ನೂ ಎಡಕ್ಕೆ ಕೂರು ಎನ್ನುವುದಿಲ್ಲ. ಅದರ ಬಗ್ಗೆ ಗೆಳೆಯನಿಗೆ ಫೋನು ಮಾಡಿ ಹೇಳಲು ಏನೂ ಇಲ್ಲ. 2003ರ ಜುಲೈ 30ರಂದು ಮೆಕ್ಸಿಕೊದ ಪುಯೆಬ್ಲಾದಲ್ಲಿ ಕೊನೆಯ ಬೀಟಲ್ ಹೊರಬಂದಾಗ ಒಟ್ಟು ಲೆಕ್ಕ 2,15,29,464. ಅಷ್ಟು ಕಾರುಗಳು, ಅಷ್ಟು ಊನಗಳು, ಅದಕ್ಕೆ ತಕ್ಕಷ್ಟು ಮಾತು. ಕಾರನ್ನು ಕೊಳ್ಳುವುದಕ್ಕೆ ಗುಣ ಸಾಕು, ಕೊಂಡಾಡುವುದಕ್ಕೆ ದೋಷವೇ ಬೇಕು.

ಇಷ್ಟು ಓದಿದ ಮೇಲೂ ಒಂದನ್ನು ಕೊಳ್ಳುವ ಮನಸ್ಸಾದರೆ, ಮಾರುವವರ ಭಾಷೆಯಲ್ಲಿ ಎರಡಕ್ಷರ ತಿಳಿದಿರಲಿ. ‘ಪ್ಯಾಟಿನಾ’ ಎಂದರೆ ತುಕ್ಕು. ‘ಬಾರ್ನ್ ಫೈಂಡ್’ ಎಂದರೆ ತುಕ್ಕಿನ ಜೊತೆಗೆ ಇಲಿಗೂಡು. ‘ಪ್ರಾಜೆಕ್ಟ್’ ಎಂದರೆ ಕಾರು ಮೂರು ರಟ್ಟಿನ ಪೆಟ್ಟಿಗೆಗಳಲ್ಲಿದೆ, ನಾಲ್ಕನೆಯದು ಕಳೆದಿದೆ. ಬಾಗಿಲುಗಳ ಕೆಳಗೆ ಬಿಸಿಗಾಳಿ ಸಾಗುವ ಹೀಟರ್ ಚಾನೆಲ್‌ಗಳನ್ನು ಬೆರಳಿನಿಂದ ಒತ್ತಿ ನೋಡಿ. ಬೆರಳು ಒಳಗೆ ಹೋದರೆ ನೀವು ಮನೆಗೆ ಹೋಗಿ. ಕೊನೆಯದಾಗಿ, ಯಾರಾದರೂ ‘ರ‍್ಯಾನ್ ವೆನ್ ಪಾರ್ಕ್ಡ್’, ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತು ಎಂದರೆ, ನಿಲ್ಲಿಸಿದ್ದು ಯಾವ ಇಸವಿಯಲ್ಲಿ ಎಂದು ಕೇಳಿದ ಮೇಲೆಯೇ ಜೇಬಿಗೆ ಕೈ ಹಾಕಿ.