ಕಿಲೋಕ್ಕೆ ಇಪ್ಪತ್ತು ಸಾವಿರದ ಅಂಗಿ

ಏಪ್ರಿಲ್ ತಿಂಗಳ ರಾತ್ರಿ ನಮ್ಮ ಗುಂಜಹಳ್ಳಿಯಲ್ಲಿ ಊರಿಗೆ ಊರೇ ಮಾಳಿಗೆಯ ಮೇಲೆ ಅಂಗಾತ ಬಿದ್ದಿರುತ್ತದೆ. ನಿದ್ದೆ ಮಾತ್ರ ಯಾರಿಗೂ ಬಂದಿರುವುದಿಲ್ಲ. ಹಗಲೆಲ್ಲ 43–44 ಡಿಗ್ರಿ ಬಿಸಿಲು ಕುಡಿದ ಗಚ್ಚು ಬೆನ್ನಿನಡಿ ಇನ್ನೂ ಬುಸುಗುಡುತ್ತಿರುತ್ತದೆ. ಒಂದು ಮಾಳಿಗೆಯಿಂದ "ಒಂದು ಎಲಿ ಅಳ್ಳಾಡವಲ್ದಲ್ಲೋ ಯಪ್ಪಾ" ಅಂತ ದನಿ ಬಂದರೆ ಪಕ್ಕದ ಮಾಳಿಗೆ "ಹೂಂ" ಅನ್ನುತ್ತದೆ. ನಡುರಾತ್ರಿ ಎಲ್ಲಿಂದಲೋ ಒಂದು ಎಳೆ ಗಾಳಿ ದಾರಿ ತಪ್ಪಿ ಬಂದು ಧೋತರದ ಅಂಚು ಅಲುಗಿಸಿ ಹೋದರೆ, ಎದ್ದು ಕೂತು ಕೈ ಮುಗಿದವರನ್ನು ನಾನೇ ನೋಡಿದ್ದೇನೆ. ಇಂಥ ಊರಿನಲ್ಲಿ ಹುಟ್ಟಿ, ವರ್ಷದ ಮುಕ್ಕಾಲು ಪಾಲು ಗಾಳಿಗಾಗಿ ಬಾಯಿ ತೆರೆದುಕೊಂಡೇ ಬೆಳೆದ ನಾನು, ಹೋದ ವರ್ಷ ಗಾಳಿಯನ್ನು ತಡೆಯುವ ಅಂಗಿಯೊಂದಕ್ಕೆ ಎರಡು ಸಾವಿರದ ಇನ್ನೂರು ರೂಪಾಯಿ ತೆತ್ತೆ.

ತಪ್ಪು ನನ್ನದಲ್ಲ, ಸೈಕಲ್ಲಿನದು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಒಂದು ರೋಡ್ ಸೈಕಲ್ ಕೊಂಡು, ಎರಡು ತಿಂಗಳು ಓಡಿಸಿ, ಆಮೇಲೆ ಅದಕ್ಕೆ ಬಟ್ಟೆ ಒಣಹಾಕುತ್ತಿದ್ದ. ಬಸ್ಸಿನ ಟಾಪಿನ ಮೇಲೆ ಅದು ಊರಿಗೆ ಬಂತು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡಿದೆ. ಊರ ಹುಡುಗರು ಅದಕ್ಕೆ ಅಂದೇ 'ಕೊಂಬಿನ ಸೈಕಲ್ಲು' ಅಂತ ಹೆಸರಿಟ್ಟರು. ವಿಜಯಪುರ, ಬಾಗಲಕೋಟೆ ಕಡೆಯಾದರೆ ಇಂಥ ಸೈಕಲ್ಲಿಗೆ ಮರ್ಯಾದೆ ಇದೆ. ಅಲ್ಲಿನ ಹಳ್ಳಿಯ ಹುಡುಗ ಹುಡುಗಿಯರು ಇದೇ ಕೊಂಬು ಹಿಡಿದು ರಾಷ್ಟ್ರಮಟ್ಟದಲ್ಲಿ ಪದಕ ತಂದವರು. ನಮ್ಮಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮಾಸ್ತರ್ರ, ಹುಲ್ಲಿನ ಹೊರಿ ಎಲ್ಲಿ ಇಡ್ತೀರಿ?"

ಸಾಲಿಗೆ ಹೋಗುವ ಮುಂಚೆ ನಸುಕಿನಲ್ಲೆದ್ದು ಒಂಬತ್ತು ಕಿಲೋಮೀಟರ್ ಹೋಗಿ ಒಂಬತ್ತು ಕಿಲೋಮೀಟರ್ ಬರುವುದು ರೂಢಿಯಾಯಿತು. ದೀಪಾವಳಿ ಕಳೆಯುವವರೆಗೆ ಎಲ್ಲ ಸುಖವಾಗಿತ್ತು. ಆಮೇಲೆ ಥಂಡಿ ಶುರುವಾಯಿತು.

ರಾಯಚೂರಿನಲ್ಲಿ ಥಂಡಿಯೇ ಅಂತ ನಗುವವರಿದ್ದಾರೆ. ನಗಲಿ. ಎಳ್ಳಮಾಸಿಯ ಹಿಂದುಮುಂದೆ ಒಂದು ನಸುಕು ಕೃಷ್ಣೆ ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿಗೆ ಬಂದು ನಿಲ್ಲಲಿ. ಗುಡ್ಡ ಅನ್ನುವ ಗುಡ್ಡ ಅಡ್ಡ ಇಲ್ಲ, ಗಿಡ ಅನ್ನುವ ಗಿಡ ಅಲ್ಲೊಂದು ಇಲ್ಲೊಂದು. ಹತ್ತಿ ಹೊಲದ ಆ ತುದಿಯಲ್ಲಿ ಎದ್ದ ಗಾಳಿ ಈ ತುದಿಯವರೆಗೆ ಯಾರನ್ನೂ ಕೇಳದೆ ಬರುತ್ತದೆ. ಮಾನ್ವಿಯ ಕಡೆ ಹೊರಳಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳು, ನೀರಿನ ಮೇಲಿನಿಂದ ಬರುವ ಹವಾಕ್ಕೆ ಹಲ್ಲೇ ಇರುತ್ತದೆ. ನಿಂತವನಿಗೆ ಹದಿಮೂರು ಡಿಗ್ರಿ ಏನೂ ಅಲ್ಲ. ಸೈಕಲ್ ಮೇಲೆ ಕೂತವನಿಗೆ ಎದೆಯ ಮೇಲೆ ಯಾರೋ ತಣ್ಣನೆಯ ಸ್ಟೀಲ್ ತಾಟು ಒತ್ತಿ ಹಿಡಿದಂತೆ.

ಇದಕ್ಕೆ ಲೆಕ್ಕವೂ ಇದೆ. ಸೈಪಲ್ ಮತ್ತು ಪ್ಯಾಸೆಲ್ ಅನ್ನುವ ಇಬ್ಬರು ಅಮೆರಿಕನ್ನರು 1941ರಲ್ಲಿ ಅಂಟಾರ್ಟಿಕದ ಚಳಿಯಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ಕಾದರು. ಗಾಳಿ ಜೋರಾದಷ್ಟೂ ನೀರು ಬೇಗ ಸೋತಿತು. ಈಗಿನ ಲೆಕ್ಕದಲ್ಲಿ 10 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಹೊಡೆದರೆ ಮೈಗೆ ತಿಳಿಯುವುದು ಸುಮಾರು 7 ಡಿಗ್ರಿ. ನಾನು ಇಪ್ಪತ್ತರ ವೇಗದಲ್ಲಿ ಹೋಗುತ್ತೇನೆ, ಗಾಳಿ ಎದುರಿನಿಂದ ಹತ್ತರ ವೇಗದಲ್ಲಿ ಬರುತ್ತದೆ, ಇಬ್ಬರೂ ಕೂಡಿ ಮೂವತ್ತು. ಅಂಟಾರ್ಟಿಕದ ಡಬ್ಬಿ ನಾನೇ.

ಮೊದಲು ಮನೆಯಲ್ಲಿದ್ದ ಮದ್ದೇ ಮಾಡಿದೆ. ಸ್ವೇಟರ್ ಹಾಕಿಕೊಂಡೆ. ನಿಂತಾಗ ಬೆಚ್ಚಗಿದ್ದ ಸ್ವೇಟರು ಪೆಡಲ್ ತುಳಿದ ಕೂಡಲೇ ಜರಡಿಯಾಯಿತು, ಹೆಣಿಗೆಯ ತೂತು ತೂತಿನಲ್ಲೂ ಗಾಳಿ ಹೊಕ್ಕಿತು. ಕಾಕಾನ ಕಂಬಳಿ ಹೊದ್ದು ನೋಡಿದೆ. ಗಾಳಿ ನಿಂತಿತು, ಸೈಕಲ್ಲೂ ನಿಂತಿತು. ಅಂಚು ಚೈನಿಗೆ ಸಿಕ್ಕು ಕಂಬಳಿಗೆ ಒಂದು ಗೇಣು ಗ್ರೀಸ್ ಹತ್ತಿತು. ಆ ಗ್ರೀಸಿನ ವಿಷಯ ಇವತ್ತಿಗೂ ಮದುವೆ ಮುಂಜಿಗಳಲ್ಲಿ ಬರುತ್ತದೆ.

ಮೂರನೆಯದು ಪೇಪರು. ಇದು ನನ್ನ ತಲೆಯಿಂದ ಬಂದದ್ದಲ್ಲ. ಫ್ರಾನ್ಸಿನ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಬೆಟ್ಟ ಹತ್ತಿದವರಿಗೆ ತುದಿಯಲ್ಲಿ ನಿಂತ ಜನ ಹಳೆಯ ಪತ್ರಿಕೆ ಕೊಡುತ್ತಿದ್ದರು. ಅದನ್ನು ಎದೆಯ ಮೇಲೆ ಅಂಗಿಯೊಳಗೆ ತುರುಕಿಕೊಂಡು ಅವರು ಇಳಿಜಾರಿಗೆ ಬಿದ್ದರೆ ಗಾಳಿ ನಾಟುತ್ತಿರಲಿಲ್ಲ. ನಾನೂ ಹಿಂದಿನ ದಿನದ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಬನಿಯನ್ನಿನೊಳಗೆ ಇಟ್ಟುಕೊಂಡೆ. ಆಣೆ ಮಾಡಿ ಹೇಳುತ್ತೇನೆ, ಅಷ್ಟು ಚೆನ್ನಾಗಿ ಗಾಳಿ ತಡೆಯುವ ವಸ್ತು ಇನ್ನೊಂದಿಲ್ಲ. ತೊಂದರೆ ಆದದ್ದು ಮನೆಗೆ ಬಂದು ಅಂಗಿ ಬಿಚ್ಚಿದಾಗ. ಬೆವರಿಗೆ ಮಸಿ ಕರಗಿ, ಎಪಿಎಂಸಿಯ ಮೆಣಸಿನಕಾಯಿ ಧಾರಣೆ ಹೊಟ್ಟೆಯ ಮೇಲೆ ಉಲ್ಟಾ ಮೂಡಿತ್ತು. ಕನ್ನಡಿಯ ಮುಂದೆ ನಿಂತು ಓದಿದೆ, ರೇಟು ಇಳಿದಿತ್ತು.

ಹೀಗಾಗಿ ಜಾಕೆಟ್. ಮೊಬೈಲಿನಲ್ಲಿ ಹುಡುಕುತ್ತ ಹೋದಂತೆ ತಿಳಿಯಿತು, ನಾನು ಅಂಗಿ ಕೊಳ್ಳಲು ಹೊರಟಿಲ್ಲ, ಒಂದು ಶಾಸ್ತ್ರಕ್ಕೆ ಕೈ ಹಾಕಿದ್ದೇನೆ ಅಂತ. ಮೊದಲನೆಯ ಪಾಠ ಡೀನಿಯರ್. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಒಂಬತ್ತು ಸಾವಿರ ಮೀಟರ್ ಅಂದರೆ ಒಂಬತ್ತು ಕಿಲೋಮೀಟರ್, ಅಂದರೆ ನಾನು ದಿನಾ ಹೋಗಿ ತಿರುಗುವ ಬೇವಿನ ಗಿಡದವರೆಗಿನ ದಾರಿ. ಮನೆಯ ಹೊಸ್ತಿಲಿನಿಂದ ಆ ಬೇವಿನ ಗಿಡದವರೆಗೆ ಹತ್ತು ಡೀನಿಯರ್ ನೂಲು ಬಿಟ್ಟುಕೊಂಡು ಹೋಗಿ, ವಾಪಸ್ ಸುತ್ತಿ ತೂಗಿದರೆ ಬರೀ ಹತ್ತು ಗ್ರಾಂ! ನಮ್ಮ ಜಿಲ್ಲೆಯಲ್ಲಿ ಹತ್ತಿಯನ್ನು ಕ್ವಿಂಟಾಲಿನಲ್ಲಿ ಅಳೆಯುತ್ತೇವೆ. ಅವತ್ತು ನನಗೆ ನೂಲಿನ ಬಗ್ಗೆ ಒಂಥರಾ ಭಕ್ತಿ ಬಂತು.

ಅಷ್ಟು ತೆಳ್ಳನೆಯ ನೂಲನ್ನು ಒತ್ತಾಗಿ ನೇಯ್ದು, ಕಾದ ಉರುಳೆಗಳ ನಡುವೆ ಬಟ್ಟೆಯನ್ನು ಹಾಯಿಸುತ್ತಾರಂತೆ. ಎಳೆಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿ ಕೂತು ಗಾಳಿಯ ಸಂದು ಮುಚ್ಚುತ್ತವೆ. ಇದು ಬಡವರ ಜಾಕೆಟ್. ಶ್ರೀಮಂತರದು ಬೇರೆ, ಒಳಗೊಂದು ಪೊರೆ ಇರುತ್ತದೆ. 1969ರಲ್ಲಿ ಬಾಬ್ ಗೋರ್ ಅನ್ನುವವನು, ಅಂಟದ ತವೆಗೆ ಬಳಿಯುತ್ತಾರಲ್ಲ ಅದೇ ಪದಾರ್ಥದ ಸರಳನ್ನು ಕಾಯಿಸಿ ಹಿಗ್ಗಿಸಲು ನೋಡುತ್ತಿದ್ದ. ಮೆಲ್ಲಗೆ ಎಳೆದರೆ ಪಟಕ್ಕನೆ ತುಂಡಾಗುತ್ತಿತ್ತು. ಕಡೆಗೆ ಸಿಟ್ಟು ಬಂದು ಒಮ್ಮೆ ಜೋರಾಗಿ ಜಗ್ಗಿಯೇ ಬಿಟ್ಟ. ಅದು ಸುಮಾರು ಹತ್ತು ಪಟ್ಟು ಹಿಗ್ಗಿ, ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಾದವು. ನೀರಿನ ಹನಿ ನುಸುಳಲಾರದು, ಬೆವರಿನ ಆವಿ ನುಸುಳಬಲ್ಲದು. ಸಿಟ್ಟಿನಿಂದ ನಮ್ಮ ಮನೆಯಲ್ಲಿ ಈವರೆಗೆ ಒಡೆದದ್ದು ಎರಡು ಟಿವಿ ರಿಮೋಟು, ಹುಟ್ಟಿದ್ದು ಏನೂ ಇಲ್ಲ. ಆ ಪೊರೆಯ ಜಾಕೆಟ್ಟಿನ ಬೆಲೆ ನೋಡಿ ಮೊಬೈಲ್ ಬೋರಲು ಹಾಕಿದೆ.

ಎರಡನೆಯ ಪಾಠ ಬೆವರಿನದು. ತುಳಿಯುವವನ ಮೈಯಲ್ಲಿ ಉರಿಯುವ ಶಕ್ತಿಯಲ್ಲಿ ಕಾಲು ಭಾಗ ಕೂಡ ಸರಿಯಾಗಿ ಪೆಡಲಿಗೆ ಹೋಗುವುದಿಲ್ಲ, ಉಳಿದದ್ದೆಲ್ಲ ಬಿಸಿಯಾಗಿ ಮೈಯಲ್ಲೇ ಉಳಿಯುತ್ತದೆ. ಹೊರಗಿನ ಗಾಳಿಯನ್ನು ತಡೆಯುವ ಬಟ್ಟೆ ಒಳಗಿನ ಬೆವರನ್ನೂ ತಡೆಯುತ್ತದೆ. ಅದಕ್ಕೇ ಒಳ್ಳೆಯ ಜಾಕೆಟ್ಟಿಗೆ ಒಂದು ಅಂಕಿ ಕೊಟ್ಟಿರುತ್ತಾರೆ. ಒಂದು ಚದರ ಮೀಟರ್ ಬಟ್ಟೆಯೊಳಗಿಂದ ಒಂದು ದಿನಕ್ಕೆ ಎಷ್ಟು ಗ್ರಾಂ ಆವಿ ಪಾರಾಗುತ್ತದೆ ಅನ್ನುವ ಲೆಕ್ಕ. ನಾನು ನೋಡಿದ್ದರಲ್ಲಿ 10,000 ಅಂತ ಇತ್ತು. ಖುಷಿಯಿಂದ ಹೆಂಡತಿಗೆ ಓದಿ ಹೇಳಿದೆ, "ನೋಡು, ದಿನಕ್ಕ ಹತ್ತು ಲೀಟರ್ ಬೆವರು ಹೊರಗ ಹಾಕತೈತಿ."

ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಹತ್ತು ಲೀಟರ್ ಬೆವರು ಸುರಿಸೋದು ಇದ್ರ ಹೊಲಕ್ಕರ ಹೋಗ್ರಿ. ಹತ್ತಿ ಬಿಡಿಸಾಕ ಆಳು ಸಿಗವಲ್ರು."

ಮೂರು ವಾರ ನೋಡಿ ಒಂದನ್ನು ತರಿಸಿದೆ. ಬಣ್ಣ ಎಳೆ ನಿಂಬೆಕಾಯಿಯದು, ಕತ್ತಲಲ್ಲೂ ಕೂಗಿ ಕರೆಯುವಂಥದು. ತೂಕ 95 ಗ್ರಾಂ ಅಂತ ಬರೆದಿತ್ತು. ಮುಷ್ಟಿಯೊಳಗೆ ಮಡಚಿದರೆ ಕಾಣೆಯಾಗುತ್ತಿತ್ತು. ನನಗೋ ಬರೆದದ್ದನ್ನು ನಂಬುವ ಚಟ ಇಲ್ಲ, ಲೆಕ್ಕದ ಮಾಸ್ತರ. ಕಿರಾಣಿ ಅಂಗಡಿಗೆ ಒಯ್ದು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಡಿಸಿದೆ. ಸಾಹುಕಾರ್ರು ಅದರ ಮೇಲಿದ್ದ ಜೀರಿಗೆ ಕಾಳು ಊದಿ, ಜಾಕೆಟ್ಟನ್ನು ಪಾವು ಶೇಂಗಾದಂತೆ ಜೋಪಾನವಾಗಿ ಇಟ್ಟರು. ಕೆಂಪು ಅಂಕಿ ಓಲಾಡಿ ನಿಂತಿತು: 110.

"ಎಷ್ಟ ಕೊಟ್ರಿ ಮಾಸ್ತರ್ರ?"

"ಎರಡು ಸಾವಿರದ ಇನ್ನೂರು."

ಅವರು ಕ್ಯಾಲ್ಕ್ಯುಲೇಟರ್ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಒಮ್ಮೆ ತುಟಿ ಅಲ್ಲಾಡಿಸಿದರು. "ಕಿಲೋಕ್ಕ ಇಪ್ಪತ್ತು ಸಾವಿರ ಬಿತ್ತ್ರಿ. ನನ್ನ ಅಂಗಡ್ಯಾಗ ಏಲಕ್ಕಿಗಿಂತ ತುಟ್ಟಿ ಮಾಲು ಇಲ್ಲ, ಅದೂ ಇಷ್ಟಿಲ್ಲ." ಆಮೇಲೆ ದನಿ ತಗ್ಗಿಸಿ, "ಹದಿನೈದು ಗ್ರಾಂ ಜಾಸ್ತೀನ ಕೊಟ್ಟಾರ, ಲಾಭ ಅಂತ ತಿಳೀರಿ" ಅಂದರು. ಹಗುರವಾಗಿರುವುದಕ್ಕೇ ದುಡ್ಡು ಕೊಟ್ಟಿದ್ದೇನೆ, ಹೆಚ್ಚಿಗೆ ತೂಗಿದರೆ ಲುಕ್ಸಾನು ಅಂತ ಅವರಿಗೆ ಹೇಗೆ ತಿಳಿಸುವುದು? ತೂಕ ಹೆಚ್ಚು ಬಂದರೆ ಅಳುವ ಗಿರಾಕಿಯನ್ನು ಅವರು ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ. ಮಾತಾಡುತ್ತಲೇ ಅವರು ಗಲ್ಲಾದ ಹಿಂದೆ ಮಡಚಿಟ್ಟಿದ್ದ ಖಾಲಿ ಯೂರಿಯಾ ಚೀಲವನ್ನೂ ತಕ್ಕಡಿಗೆ ಹಾಕಿದರು. ಅದೂ ಹೆಚ್ಚೂಕಡಿಮೆ ಅಷ್ಟೇ ತೂಗಿತು. ಮಳೆಗಾಲದಲ್ಲಿ ನಮ್ಮ ಕುರಿ ಕಾಯುವವರು ಅದರ ಒಂದು ಮೂಲೆ ಒಳಕ್ಕೆ ಮಡಚಿ ಕೊಪ್ಪೆ ಮಾಡಿ ಹೊದೆಯುತ್ತಾರೆ. ಗಾಳಿಯೂ ಹೋಗದು, ನೀರೂ ಹೋಗದು, 45 ಕಿಲೋ ಯೂರಿಯಾ ಕೊಂಡರೆ ಪುಕ್ಕಟೆ. ಸಾಹುಕಾರ್ರು ಏನೂ ಅನ್ನಲಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ನನ್ನ ಮುಖ ನೋಡಿದರು, ಅಷ್ಟೇ.

ಹಾಕಿಕೊಂಡು ನಿಂತರೆ ಜಾಕೆಟ್ಟು ಮುಂದೆ ಮೋಟು, ಹಿಂದೆ ಉದ್ದ. ಓಣಿಯ ಟೇಲರ್ "ಬಟ್ಟಿ ಕಡಿಮಿ ಬಿದ್ದೈತಿ, ಪಾಪ" ಅಂತ ಮರುಗಿದ. ಕೊಂಬಿನ ಮೇಲೆ ಬಗ್ಗಿದಾಗ ಸೊಂಟ ಬಯಲಾಗಬಾರದೆಂದು ಬೆನ್ನಿನ ಕಡೆ ಬಾಲ ಬಿಟ್ಟಿರುತ್ತಾರೆ ಅಂತ ವಿವರಿಸಿದೆ. ಅವನು ಬಾಲವನ್ನು ಮಾತ್ರ ಕೇಳಿಸಿಕೊಂಡ.

ಸೈಜಿನದು ಇನ್ನೊಂದು ಕಥೆ. ಸೈಕಲ್ ಜಾಕೆಟ್ ಮೈಗೆ ಚರ್ಮದಂತೆ ಕೂರಬೇಕು, ಸಡಿಲಾದರೆ ಗಾಳಿ ತುಂಬಿ ಹಿಂದಕ್ಕೆ ಜಗ್ಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳುವ ದುಡಿಮೆ ಎಂಟು ಪಟ್ಟಾಗುತ್ತದೆ ಅನ್ನುವುದನ್ನು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವನು. ಆದರೆ ಚರ್ಮದಂತೆ ಕೂರುವ ಸೈಜು ನನ್ನ ಹೊಟ್ಟೆಯ ಮೇಲೆ ಕೂರಲಿಲ್ಲ. ದೊಡ್ಡದು ತರಿಸಿದೆ. ಅದು ಹೊಟ್ಟೆಯ ಹತ್ತಿರ ಬಿಗಿ, ಭುಜದ ಹತ್ತಿರ ಬಿಡಾರ. ಸೈಕಲ್ ವೇಗ ಹಿಡಿದೊಡನೆ ತೋಳುಗಳು ಪಟಪಟ ಬಡಿಯತೊಡಗಿದವು. ಊರ ಹೊರಗಿನ ನಾಯಿಗಳು ಮೊದಲ ದಿನ ಎದ್ದು ನೋಡಿದವು, ಎರಡನೆಯ ದಿನ ಕಾದು ಕೂತಿದ್ದವು. ಆ ವಾರ ನಾನು ಬೇವಿನ ಗಿಡ ಮುಟ್ಟಿದ ವೇಗ ಇನ್ನೆಂದೂ ಬರಲಿಲ್ಲ.

ಗಾಳಿಯೇನೋ ನಿಂತಿತು. ಆದರೆ ನಾಲ್ಕು ಕಿಲೋಮೀಟರ್ ದಾಟುವಷ್ಟರಲ್ಲಿ ಒಳಗೆ ಏಪ್ರಿಲ್ ತಿಂಗಳು. ಮಾಳಿಗೆಯ ಮೇಲಿನ ಅದೇ ಸೆಕೆ, ಅದೇ ಒಂದೂ ಎಲೆ ಅಲುಗದ ರಾತ್ರಿ ಜಿಪ್ಪಿನೊಳಗೆ. ಹತ್ತು ಸಾವಿರ ಗ್ರಾಂ ಎಲ್ಲಿ ಹೊರಟು ಹೋಗುತ್ತಿತ್ತೋ, ಬೆನ್ನ ಮೇಲಿಂದ ಧಾರೆಯಾಗಿ ಸೀಟಿಗೆ ಇಳಿಯಿತು. ಜಿಪ್ ಇಳಿಸಿದರೆ ತಾಟು, ಏರಿಸಿದರೆ ಕುಲುಮೆ. ಗೂಟಕ್ಕೆ ನೇತುಹಾಕಿದೆ.

ಅಲ್ಲಿಂದ ಅದನ್ನು ಇಳಿಸಿದವನು ಕಾಕಾ. ಟಿವಿಎಸ್ ಎಕ್ಸೆಲ್ ಮೇಲೆ ಬದನೆಕಾಯಿ ಹೇರಿಕೊಂಡು ನಸುಕಿಗೇ ರಾಯಚೂರಿನ ಮಾರ್ಕೆಟ್ಟಿಗೆ ಹೋಗುವವನು. ಕಂಬಳಿಯ ಗ್ರೀಸಿಗೆ ಬದಲು ಇದು ನನ್ನ ಹಕ್ಕು ಅನ್ನುವಂತೆ, ಕೇಳದೆ ಕೈ ಹಾಕಿದ. ತೋಳಿನೊಳಗೆ ಕೈಯನ್ನು ಎದುರಿನಿಂದ ತೂರಿಸಿದ. ಜಿಪ್ಪು ಬೆನ್ನಿಗೆ, ಬಾಲ ಹೊಟ್ಟೆಯ ಮೇಲಕ್ಕೆ!

"ಕಾಕಾ, ಉಲ್ಟಾ ಹಾಕ್ಕೊಂಡಿ."

"ಗಾಳಿ ಎಲ್ಲಿಂದ ಬರತೈತಪಾ?"

"ಮುಂದಿಂದ."

"ಮತ್ತ ಮುಂದ್ಯಾಕ ಸೀಳ ಇಟ್ಕೋಬೇಕು? ಅಂಗಿ ಹೊಲದವಗ ತಿಳೀವಲ್ದು, ಹಾಕ್ಕೊಂಡವಗೂ ತಿಳೀಬಾರದಾ?" ಜಿಪ್ಪನ್ನು ಎಳೆಯುವ ಗೋಜಿಗೂ ಹೋಗದೆ, ಬೆನ್ನು ಬಯಲು ಬಿಟ್ಟು ಎಕ್ಸೆಲ್ ಒದ್ದ.

ಮುಂದೆ ಗಾಳಿ ತೂರದ ಬಟ್ಟೆ, ಹಿಂದೆ ಬೆವರು ಆರಲು ಬರೀ ಜಾಳಿಗೆ, ತೋಳೇ ಇಲ್ಲದ ಅಂಗಿಯೊಂದು ಬರುತ್ತದೆ, ಅದಕ್ಕೆ ಜಿಲೆ ಅನ್ನುತ್ತಾರೆ ಅಂತ ನಾನು ಎರಡನೆಯ ವಾರದಲ್ಲೇ ಓದಿದ್ದೆ. ಅದರ ಬೆಲೆ ಇನ್ನೂ ಸಾವಿರ ಹೆಚ್ಚಿತ್ತೆಂದು ಬಿಟ್ಟಿದ್ದೆ.

ಮರುದಿನ ನಾನೂ ಹಾಗೇ ತೊಟ್ಟೆ. ಹೆಂಡತಿ ಕುತ್ತಿಗೆಯ ಹತ್ತಿರ ಒಂದು ಪಿನ್ನು ಚುಚ್ಚಿ, "ಅಂಗನವಾಡಿಗೆ ಹೊಂಟ ಕೂಸು ಆದ್ರಿ ನೋಡ್ರಿ" ಅಂದಳು. ಬೆನ್ನಿನ ಜೇಬು ಈಗ ಹೊಟ್ಟೆಯ ಮೇಲೆ ಬಂದಿತ್ತು, ಚಹಾದ ಚಿಲ್ಲರೆಗೆ ಅನುಕೂಲವೇ ಆಯಿತು. ಎದೆ ಬೆಚ್ಚಗೆ, ಬೆನ್ನು ಒಣ. ಬೇವಿನ ಗಿಡದ ಹತ್ತಿರದ ಚಹಾದಂಗಡಿಯಲ್ಲಿ ಸೈಕಲ್ ಆನಿಸಿ ನಿಂತೆ. ಬೆಂಕಿ ಕಾಯಿಸುತ್ತಿದ್ದ ಮುದುಕನೊಬ್ಬ ಬೀಡಿ ಬಾಯಿಂದ ತೆಗೆದು, ನನ್ನನ್ನು ಹಿಂದೊಮ್ಮೆ ಮುಂದೊಮ್ಮೆ ನೋಡಿದ.

"ಮಾಸ್ತರ್ರ, ನೀವು ಬಂದೀರೋ, ಹೊಂಟೀರೋ?"